ಒಂಟೆ ತಿಂದ ರಿಲೀಸ್ ಪತ್ರ

ಈ ಕಥೆಯನ್ನು ಮೊದಲು ಹೇಳಿದವರು ಬಹರೈನಿನ ಗುದೈಬಿಯಾದಲ್ಲಿ ಚಹಾದಂಗಡಿ ಇಟ್ಟಿರುವ ಸುಲೈಮಾನ್ ಬ್ಯಾರಿ. ಹೇಳಿದ್ದು ಎನ್ನುವುದಕ್ಕಿಂತ ಓದಿದ್ದು ಎನ್ನಬೇಕು. 2025ರ ಫೆಬ್ರವರಿ ಇಪ್ಪತ್ತೊಂದು, ಶುಕ್ರವಾರ. ಜುಮಾ ನಮಾಜು ಮುಗಿದು, ಊಟವೂ ಮುಗಿದು, ಜನ ಚಹಾಕ್ಕೆ ಬಂದು ಕೂತ ಹೊತ್ತು. ಬೆಂಚಿನಲ್ಲಿ ಪಿಕಪ್ ಓಡಿಸುವ ಸಿರಾಜ್ ಇದ್ದ, ಪಕ್ಕದ ಜೆರಾಕ್ಸ್ ಅಂಗಡಿಯ ಮಿದ್ಲಾಜ್ ಇದ್ದ, ರಜೆ ಮುಗಿಸಿ ಅಂದು ಬೆಳಿಗ್ಗೆಯಷ್ಟೇ ಊರಿಂದ ಬಂದಿಳಿದ ನರ್ಸ್ ನೆಲ್ಲಿ ಬಾಯಿ ಇದ್ದರು. ಎದುರಿಗೆ ಜಯಪಾಲ. ಎಣ್ಣೆಬಾವಿಗೆ ಹೋಗುವ ರಸ್ತೆಯ ಬದಿಯಲ್ಲಿ ಹಳೇ ಪ್ರಾಣಿತೋಟ ಒಂದಿದೆಯಲ್ಲ, ಬಸ್ಸಿನಲ್ಲಿ ಬಂದ ಪ್ರವಾಸಿಗಳು ಇಳಿದು ಒಂಟೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗ, ಅಲ್ಲಿ ಮೂವತ್ತೊಂದು ವರ್ಷದಿಂದ ಪ್ರಾಣಿಗಳನ್ನು ನೋಡಿಕೊಂಡವನು.

ನೆಲ್ಲಿ ಬಾಯಿ ಕಿನ್ನಿಗೋಳಿಯಿಂದ ಅವನಿಗೊಂದು ದಪ್ಪ ಲಕೋಟೆ ತಂದಿದ್ದರು. ಜಯಪಾಲ ಅದನ್ನು ಒಡೆಯಲಿಲ್ಲ. ಸುಲೈಮಾನ್ ಬ್ಯಾರಿಯ ಮುಂದೆ ಇಟ್ಟ.

"ನೀವೇ ಓದಿ ಬ್ಯಾರಿಗಳೇ. ನಾನು ಓದಿದರೆ ಅರ್ಧಕ್ಕೆ ಹರಿದು ಬಿಸಾಡ್ತೇನೆ."

"ಕೊನೆಯ ಕಾಗದ ಮಾತ್ರ ಓದಿದರೆ ನಮಗೆ ತಲೆಬುಡ ಗೊತ್ತಾಗುವುದು ಹೇಗೆ ಮಾರಾಯ?"

ಜಯಪಾಲ ಚೀಲದಿಂದ ಪ್ಲಾಸ್ಟಿಕ್ ಫೈಲು ತೆಗೆದ. ಬಂದ ಕಾಗದಗಳೂ ಅದರಲ್ಲಿದ್ದವು, ಅವನೇ ಬರೆದು ಕಳಿಸಿದವುಗಳ ಜೆರಾಕ್ಸೂ ಇತ್ತು. "ನಾಳೆ, ನೀನು ಹಾಗೆ ಬರೆಯಲೇ ಇಲ್ಲ ಅಂತ ನಮ್ಮ ಹಳೇ ಮ್ಯಾನೇಜರ್ ಹರ್ಬರ್ಟ್ ಪೊರ್ಬು ಹೇಳಬಾರದಲ್ಲ," ಎಂದ. ಸುಲೈಮಾನ್ ಬ್ಯಾರಿ ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದತೊಡಗಿದರು.

*

ಬಹರೈನ್, 12 ನವೆಂಬರ್ 2024

ಶ್ರೀ ಹರ್ಬರ್ಟ್ ಅವರಿಗೆ, ಕಿನ್ನಿಗೋಳಿ.

ಜಯಪಾಲ ಬರೆಯುವುದು. ನೀವು ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀರಿ. ಇಪ್ಪತ್ತು ವರ್ಷದಿಂದ ಮಾತೇ ಇಲ್ಲದವರನ್ನು ಬ್ಲಾಕ್ ಮಾಡುವುದು ಯಾಕೋ ನನಗೆ ತಿಳಿಯಲಿಲ್ಲ. ಸಿರಾಜ್ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ.

ಕ್ಷೇಮ ಸಮಾಚಾರ ಬರೆಯುವುದಿಲ್ಲ, ಕೇಳುವುದೂ ಇಲ್ಲ. ವಿಷಯಕ್ಕೆ ಬರುತ್ತೇನೆ.

ದೊಡ್ಡ ಅರ್ಬಾಬ್ ಜೂನ್ ತಿಂಗಳಲ್ಲಿ ತೀರಿಕೊಂಡರು. ಧಣಿ ಹೋದ ಮೇಲೆ ಮಕ್ಕಳಿಗೆ ಪ್ರಾಣಿತೋಟ ಬೇಡವಾಗಿದೆ. ರಂಜಾನಿಗೆ ಮೊದಲು ಜಾಗ ಖಾಲಿ ಆಗಬೇಕಂತೆ. ನನ್ನ ವೀಸಾವೂ ಆ ತಿಂಗಳ ಕೊನೆಗೆ ಕ್ಯಾನ್ಸಲ್. ನನ್ನದು ಇರಲಿ. ಜಿಂಕೆಗಳನ್ನು ಕೇಳಿದವರಿದ್ದಾರೆ, ಆಸ್ಟ್ರಿಚ್ಚನ್ನು ಕೇಳಿದವರಿದ್ದಾರೆ, ಎಳೆಯ ಒಂಟೆಗಳು ನಾಲ್ಕೂ ಹೋಗುತ್ತವೆ. ಗುಲಾಬಿಗೆ ಇಪ್ಪತ್ತನಾಲ್ಕು ತುಂಬಿತು. ಅವಳನ್ನು ಕೇಳಿಕೊಂಡು ಬಂದವನು ಕಟುಕ ಒಬ್ಬನೇ.

ನಾನು ಹಿರಿಯ ಮಗನ ಹತ್ತಿರ ಹೇಳಿದೆ. ಗುಲಾಬಿ ಎಂಬ ಈ ಒಂಟೆ ತೋಟದ್ದಲ್ಲ, ಅವಳ ತಾಯಿಗೆ ಹೆರಿಗೆ ಕಷ್ಟವಾದಾಗ ಹರ್ಬರ್ಟ್ ಕೈ ಹಾಕಿ ಮರಿಯನ್ನು ಹೊರತೆಗೆದರು, ನಿಮ್ಮ ತಂದೆ ಸಂತೋಷಪಟ್ಟು ಮರಿಯನ್ನು ಅವರಿಗೇ ಬರೆದುಕೊಟ್ಟರು ಎಂದೆ. ಅವನು ಜಗಳವಾಡಲಿಲ್ಲ. "ಕಾಗಜ್ ಲಾವ್, ಊಂಟ್ ಲೇ ಜಾವ್," ಎಂದ, ಕಾಗದ ತಂದು ಒಂಟೆ ಕೊಂಡುಹೋಗು ಅಂತ.

ಬುದೈಯಾ ಕಡೆ ಒಂದು ತೋಟದಲ್ಲಿ ಮುದಿ ಒಂಟೆಗಳನ್ನು ಸಾಯುವವರೆಗೂ ಸಾಕುತ್ತಾರೆ. ಅಲ್ಲಿಯ ಸುಡಾನಿಯವನು ಗುಲಾಬಿಯನ್ನು ಇಟ್ಟುಕೊಳ್ಳಲು ಒಪ್ಪಿದ್ದಾನೆ. ಅವನಿಗೂ ಕಾಗದ ಬೇಕು. ಆದ್ದರಿಂದ ನೀವು ಕಳಿಸಬೇಕಾದದ್ದು ಎರಡು. ಒಂದು, ಅರ್ಬಾಬ್ ಬರೆದುಕೊಟ್ಟ ಪತ್ರ. ಇನ್ನೊಂದು, ಒಂಟೆಯನ್ನು ಆ ತೋಟಕ್ಕೆ ಕೊಡಲು ನನ್ನ ಅಭ್ಯಂತರ ಇಲ್ಲ ಎಂದು ನಿಮ್ಮ ಎನ್‌ಒಸಿ. ಫೋಟೋ ನಡೆಯುವುದಿಲ್ಲ, ಶಾಯಿಯ ಸಹಿ ಇರುವ ಅಸಲು ಬೇಕು.

ನನಗಾಗಿ ಕೇಳುತ್ತಿಲ್ಲ. ನನಗಾಗಿ ಒಮ್ಮೆ ಕೇಳಿ ನೋಡಿದ್ದೇನೆ.

ಜಯಪಾಲ

*

ಕಿನ್ನಿಗೋಳಿ, 25 ನವೆಂಬರ್ 2024

ಜಯಪಾಲ,

ಸಿರಾಜ್ ನಿನ್ನ ಕಾಗದ ತಂದುಕೊಟ್ಟ. ಬಿಸಿಲಿಗೆ ನಡೆದು ಬಂದಿದ್ದನೆಂದು ಅವನಿಗೆ ಚಹಾ ಕೊಟ್ಟೆ. ನಿನ್ನ ಕಾಗದ ತಂದದ್ದಕ್ಕಲ್ಲ.

‘ಶ್ರೀ ಹರ್ಬರ್ಟ್’ ಅಂತೆ. ಹನ್ನೊಂದು ವರ್ಷ ನನ್ನ ಕೈಕೆಳಗೆ ‘ಸರ್’ ಎಂದವನು ನೀನು. ನಾನು ಮ್ಯಾನೇಜರ್ ಆಗಿದ್ದಾಗ ಆಫೀಸಿನ ಬಾಗಿಲಿನ ಹೊರಗೆ ಚಪ್ಪಲಿ ಬಿಡುತ್ತಿದ್ದಿ. ಈಗ ನನಗೆ ಏನೇನು ಕಳಿಸಬೇಕೆಂದು ಒಂದು, ಎರಡು ಅಂತ ಲೆಕ್ಕ ಹಾಕಿ ಆರ್ಡರ್ ಕೊಡುತ್ತೀ.

ಅರ್ಬಾಬ್ ಬರೆದುಕೊಟ್ಟ ಪತ್ರ ನನ್ನ ಹತ್ತಿರ ಉಂಟು. ಮೊಹರು ಸಮೇತ ಉಂಟು. ಆದರೆ ನಿನ್ನ ಕೈಗೆ ಕೊಡುವುದಿಲ್ಲ. ಮುದಿ ಒಂಟೆಯನ್ನು ಸಾಕುವ ತೋಟವಂತೆ! ನನಗೆ ಎಪ್ಪತ್ತನಾಲ್ಕು ವರ್ಷ, ಬುದ್ಧಿ ಇನ್ನೂ ಹೋಗಿಲ್ಲ. ಕಾಗದ ಕೈಗೆ ಬಂದ ಮರುದಿನ ನೀನು ಗುಲಾಬಿಯನ್ನು ಯಾವುದಾದರೂ ಹೋಟೆಲಿನ ಮುಂದೆ ಕಟ್ಟಿ ಫೋಟೋಕ್ಕೆ ನಿಲ್ಲಿಸುತ್ತೀ.

ನಿನ್ನನ್ನು ಯಾಕೆ ನಂಬಬೇಕು? 2004ರ ಜುಲೈ ನೆನಪಿದೆಯಾ? ಅರ್ಬಾಬ್‌ಗೆ ಅರಬ್ಬಿಯಲ್ಲಿ ಒಂದು ಕಾಗದ ಹೋಯಿತು. ಅಡಿಯಲ್ಲಿ ಸಹಿ ಇಲ್ಲ. ಹರ್ಬರ್ಟ್ ಎರಡು ದಿನ ಕುಡಿದು ಮಲಗಿದ್ದ, ನೀರಿನ ಟ್ಯಾಂಕರ್ ಕರೆಸಲಿಲ್ಲ, ಮೂರು ಜಿಂಕೆ ಸತ್ತವು ಅಂತ ಅದರಲ್ಲಿ ಇತ್ತು. ಇಪ್ಪತ್ತಾರು ವರ್ಷ ದುಡಿದ ಜಾಗದಿಂದ ನನ್ನನ್ನು ಒಂದು ವಾರದಲ್ಲಿ ವಿಮಾನ ಹತ್ತಿಸಿದರು. ತೋಟದಲ್ಲಿ ಇದ್ದವರು ನಾವಿಬ್ಬರೇ. ಬರೆದವನು ನಾನಲ್ಲ. ಜಿಂಕೆ ಬರೆಯುವುದಿಲ್ಲ.

ಮ್ಯಾಗ್ಡಲಿನ್‌ಗೆ ನಿನ್ನ ಕಾಗದದ ಸುದ್ದಿ ಹೇಳಿಲ್ಲ, ಹೇಳುವುದೂ ಇಲ್ಲ. ಗುಲಾಬಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ಅವಳು. ನೀನು ಮತ್ತೆ ಬರೆಯಬೇಡ.

ಹರ್ಬರ್ಟ್

*

ಬಹರೈನ್, 9 ಡಿಸೆಂಬರ್ 2024

ಹರ್ಬರ್ಟ್ ಪೊರ್ಬುಗಳಿಗೆ,

ಬರೆಯಬೇಡ ಎಂದಿರಿ. ಬರೆಯುತ್ತೇನೆ. ಈಗ ನೀವು ನನ್ನ ಮ್ಯಾನೇಜರ್ ಅಲ್ಲ.

ನೀವು 1979ರಲ್ಲಿ ಸ್ವಂತ ಕೈಯಿಂದ ಬಣ್ಣ ಹಚ್ಚಿದ ಬೋರ್ಡು ಇನ್ನೂ ರಸ್ತೆಯಲ್ಲಿ ನಿಂತಿದೆ. ಅದರಲ್ಲಿ ಬಾಯಿ ತೆರೆದ ಸಿಂಹ. ಸಿಂಹ ಸತ್ತದ್ದು 89ರಲ್ಲಿ, ನಾನು ಬರುವ ನಾಲ್ಕು ವರ್ಷ ಮೊದಲು. ನಾನು ಅದರ ಬಾಲ ಸಹ ನೋಡಿಲ್ಲ. ಆದರೆ ಮೂವತ್ತೊಂದು ವರ್ಷ ಅದರ ಲೆಕ್ಕದ ಬೈಗುಳ ತಿಂದವನು ನಾನು. ಮೊನ್ನೆ ಕೂಡ ಒಬ್ಬ ಹೆಂಗಸು ಮಕ್ಕಳನ್ನು ಕರೆದುಕೊಂಡು ಬಂದು, "ಲಯನ್ ಕಹಾಂ ಹೈ?" ಎಂದರು. "ಛುಟ್ಟಿ ಪರ್ ಗಯಾ," ರಜೆಯಲ್ಲಿ ಹೋಗಿದೆ ಎಂದೆ. "ಕಬ್ ಆಯೇಗಾ?" "ನಹೀ ಆಯೇಗಾ ಮೇಡಂ, ವೀಸಾ ಕ್ಯಾನ್ಸಲ್ ಹೋ ಗಯಾ." ಇಷ್ಟು ದೊಡ್ಡ ಸುಳ್ಳನ್ನು ರಸ್ತೆಯ ಬದಿಗೆ ನಿಲ್ಲಿಸಿ ಹೋದವರು ನೀವು. ನಂಬಿಕೆಯ ಮಾತು ನಿಮ್ಮ ಬಾಯಲ್ಲಿ ಬರಬಾರದು.

ನಿಮಗೆ 2004 ನೆನಪಿದ್ದರೆ ನನಗೆ 2003 ನೆನಪಿದೆ. ಮನಾಮಾದ ಹೋಟೆಲೊಂದರಲ್ಲಿ ಹೂತೋಟದ ಸೂಪರ್‌ವೈಸರ್ ಕೆಲಸ ಸಿಕ್ಕಿತ್ತು. ಫ್ಯಾಮಿಲಿ ವೀಸಾ ಕೊಡುವ ಕೆಲಸ. ಮಗಳಿಗೆ ಆಗ ಮೂರು ವರ್ಷ. ಅರಾದ್‌ನಲ್ಲಿ ಎರಡು ಕೋಣೆಯ ಮನೆ ನೋಡಿಟ್ಟಿದ್ದೆ. ಅಡುಗೆಮನೆಯ ಕಿಟಕಿಯಿಂದ ವಿಮಾನ ಇಳಿಯುವುದು ಕಾಣುತ್ತಿತ್ತು. ಮಗಳನ್ನು ಎತ್ತಿಕೊಂಡು ತೋರಿಸಬೇಕು ಎಂದುಕೊಂಡಿದ್ದೆ. ಇದ್ದ ಕೆಲಸದಿಂದ ಬಿಡುಗಡೆಯ ಕಾಗದ, ಒಂದು ರಿಲೀಸ್ ಪತ್ರ, ಅದೊಂದೇ ಬೇಕಿತ್ತು.

ಅರ್ಬಾಬ್ ಆಪರೇಷನ್‌ಗೆ ಲಂಡನ್ನಿಗೆ ಹೋಗಿದ್ದರು. ಹೋಗುವಾಗ ಖಾಲಿ ಲೆಟರ್‌ಹೆಡ್‌ಗೆ ಸಹಿ ಮಾಡಿ ನಿಮ್ಮ ಡ್ರಾಯರಿನಲ್ಲಿ ಇಟ್ಟಿದ್ದರು. ಆಗೆಲ್ಲ ಧಣಿಗಳು ಹಾಗೇ ಮಾಡುತ್ತಿದ್ದದ್ದು. ನಾಳೆ ಬಾ, ಟೈಪ್ ಮಾಡಿ ಇಡುತ್ತೇನೆ ಎಂದಿರಿ. ಮರುದಿನ ಬಂದೆ.

"ಜಯಪಾಲ, ನಿನ್ನ ರಿಲೀಸನ್ನು ಗುಲಾಬಿ ತಿಂದಿತು."

"ಇನ್ನೊಂದು ಬರೆಯಿರಿ ಸರ್."

"ಸಹಿ ಮಾಡಿದ ಲೆಟರ್‌ಹೆಡ್ ಅದೇ ಕೊನೆಯದ್ದು. ಅರ್ಬಾಬ್ ಬರಲಿ."

ಅರ್ಬಾಬ್ ಬಂದದ್ದು ಎರಡು ತಿಂಗಳ ಮೇಲೆ. ಹೋಟೆಲಿನವರು ಒಂದು ತಿಂಗಳು ಕಾದು ಬೇರೆಯವನನ್ನು ತೆಗೆದುಕೊಂಡರು. ಒಂಟೆ ತಿಂದಿತಂತೆ! ಒಬ್ಬನ ಸಂಸಾರ ತಡೆಯಲು ನಿಮಗೆ ಇದಕ್ಕಿಂತ ಮರ್ಯಾದೆಯ ಸುಳ್ಳು ಸಿಗಲಿಲ್ಲವಾ? ಹೋದ ವರ್ಷ ಮಗಳ ಮದುವೆಗೆ ಹೋಗಿದ್ದೆ. ನನ್ನನ್ನು ‘ಅಪ್ಪ’ ಎಂದು ಕರೆಯುವ ಮೊದಲು ಅವಳು ಸ್ವಲ್ಪ ತಡೆದು ಕರೆದಳು. ಪರಿಚಯದವರ ಹೆಸರು ನೆನಪು ಮಾಡಿಕೊಳ್ಳುವ ಹಾಗೆ.

ಅರಬ್ಬಿ ಕಾಗದದ ವಿಷಯ ನನಗೆ ಗೊತ್ತಿಲ್ಲ. ನನಗೆ ಅರಬ್ಬಿ ಬರೆಯಲು ಬರುವುದಿಲ್ಲ.

ಅಂದು ನನಗೆ ಕಾಗದ ಕೊಡಲಿಲ್ಲ. ಈಗ ಆ ಒಂಟೆಗೇ ಕಾಗದ ಬೇಕಾಗಿದೆ. ಅದಕ್ಕೂ ಕೊಡುವುದಿಲ್ಲವೆಂದರೆ ನಿಮ್ಮಷ್ಟಕ್ಕೆ ಇರಿ. ಕಟುಕನ ಲಾರಿ ಬಂದ ದಿನ ಮ್ಯಾಗ್ಡಲಿನ್ ಬಾಯಿಯವರಿಗೆ ಏನು ಹೇಳಬೇಕೆಂದು ಈಗಿನಿಂದಲೇ ಯೋಚಿಸಿಡಿ.

ಜಯಪಾಲ

*

ಕಿನ್ನಿಗೋಳಿ, 2 ಜನವರಿ 2025

ಜಯಪಾಲ,

ಅರಬ್ಬಿ ಬರೆಯಲು ಬಾರದವರಿಗಾಗಿಯೇ ಮನಾಮಾದಲ್ಲಿ ಟೈಪಿಂಗ್ ಅಂಗಡಿಗಳಿವೆ.

ನಿನ್ನ ಕಾಗದಗಳು ಮ್ಯಾಗ್ಡಲಿನ್ ಕೈಗೆ ಸಿಕ್ಕಿದವು. ನನ್ನ ಕನ್ನಡಕ ಹುಡುಕುತ್ತಾ ಪೆಟ್ಟಿಗೆ ತೆರೆದಳಂತೆ. ಎರಡನ್ನೂ ಓದಿದಳು. ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಮಾಡಿದಳು. ಕಿಡಿಯೋ, ನೆವ್ರಿ, ಕುಕ್ಕೀಸ್ ಎಲ್ಲಾ ಮಾಡಿದಳು. ಅಕ್ಕಪಕ್ಕದ ಹದಿನಾಲ್ಕು ಮನೆಗೆ ತಟ್ಟೆ ಹೋಯಿತು. ನನ್ನ ಮುಂದೆ ಒಂದು ಚೂರು ಇಡಲಿಲ್ಲ. "ಗುಲಾಬಿಗೆ ಕಾಗದ ಕಳಿಸಿದಿರಾ?" ಎಂದು ಕೇಳುತ್ತಾಳೆ. ಇಲ್ಲ ಎಂದರೆ ಎದ್ದು ಹೋಗುತ್ತಾಳೆ. ನಲವತ್ತೊಂಬತ್ತು ವರ್ಷದ ಸಂಸಾರದಲ್ಲಿ ಜಗಳ ಹಚ್ಚಿದ್ದೀ. ನಿನಗೆ ಸಂತೋಷ ಆಗಿರಬೇಕು.

ನಾನು ಒಂದೇ ಮಾತು ಹೇಳುತ್ತೇನೆ. ಒಂಟೆ ತಿಂದದ್ದು ಸುಳ್ಳಲ್ಲ. ಸುಳ್ಳು ಬರೆದವನು ನೀನು. ಆ ಅರಬ್ಬಿ ಕಾಗದ ಬರೆಸಿದವನು ನಾನೇ ಅಂತ ನಿನ್ನ ಕೈಯಲ್ಲಿ, ನಿನ್ನ ಸಹಿ ಹಾಕಿ ಕಳಿಸು. ಫೋಟೋ ನಡೆಯುವುದಿಲ್ಲ, ಶಾಯಿಯ ಅಸಲೇ ಬೇಕು. ಅದು ಬಂದ ಮೇಲೆ ಗುಲಾಬಿಯ ವಿಷಯ ನೋಡುವ.

ಹರ್ಬರ್ಟ್

*

ಬಹರೈನ್, 14 ಜನವರಿ 2025

ಪೊರ್ಬುಗಳಿಗೆ,

ಒಂಟೆಯ ಕುತ್ತಿಗೆ ಹಿಡಿದುಕೊಂಡು ಚೌಕಾಸಿ ಮಾಡುತ್ತಿದ್ದೀರಿ. ಕಟುಕ ನಿಮಗಿಂತ ವಾಸಿ, ಅವನು ಚೂರಿಯನ್ನು ಮುಚ್ಚಿಡುವುದಿಲ್ಲ. ನೀವು ಕೇಳಿದ್ದನ್ನು ನಾನು ಬರೆಯುವುದಿಲ್ಲ.

ಸುದ್ದಿ ಮಾತ್ರ ಬರೆಯುತ್ತೇನೆ. ಆಸ್ಟ್ರಿಚ್ ಆರನೇ ತಾರೀಕಿಗೆ ಹೋಯಿತು. ಕಣ್ಣಿಗೆ ಸಾಕ್ಸ್ ಹಾಕಿ ಕರೆದುಕೊಂಡು ಹೋದರು. ಜಿಂಕೆಗಳು ಒಂಬತ್ತಕ್ಕೆ ಹೋದವು. ನಿನ್ನೆ ಗಿಳಿ ಹೋಯಿತು. ಪಂಜರ ಎತ್ತುವಾಗ ನಿಮ್ಮ ದನಿಯಲ್ಲಿ "ಜಯಪಾಲಾ, ನೀರ್!" ಎಂದು ಕೂಗಿತು. ನಾನು ತಿರುಗಿ ನೋಡಿಬಿಟ್ಟೆ. ಅದು ಏನು ಕೂಗಿದರೂ ಉತ್ತರ ಕೊಡಬೇಡ ಎಂದು ಕೊಂಡುಹೋದವನಿಗೆ ಹೇಳಿ ಕಳಿಸಿದ್ದೇನೆ.

ಗುಲಾಬಿಗೆ ಕಟುಕನ ಲಾರಿ ನಿಗದಿಯಾಗಿದೆ. ಫೆಬ್ರವರಿ 22, ಶನಿವಾರ ಮಧ್ಯಾಹ್ನ.

ಜಯಪಾಲ

*

ಬಹರೈನ್, 1 ಫೆಬ್ರವರಿ 2025

ಹರ್ಬರ್ಟ್ ಪೊರ್ಬುಗಳಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಬರುತ್ತದೆ ಅಂತ ನಾನೂ ಕಾಯಲಿಲ್ಲ.

ಎಳೆಯ ಒಂಟೆಗಳು ನಾಲ್ಕೂ ಒಟ್ಟಿಗೆ ಹೋದವು. ಆಮೇಲೆ ಗುಲಾಬಿ ಮೂರು ದಿನ ಏನೂ ತಿನ್ನಲಿಲ್ಲ. ಅವಳಿಗೆ ಹಿಂದಿನ ಹಲ್ಲುಗಳು ಈಗ ಇಲ್ಲ. ಖುಬ್ಬೂಸ್ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ, ಖರ್ಜೂರದ ಬೀಜ ತೆಗೆದು ಮುದ್ದೆ ಮಾಡಿ ಕೊಡುತ್ತೇನೆ. ಬಾಯಿ ಮುಚ್ಚಿಕೊಂಡು ರಸ್ತೆಯ ಕಡೆಗೆ ನೋಡುತ್ತಾ ನಿಂತಿದ್ದಳು. ನಾಲ್ಕನೇ ದಿನ ತಿಂದಳು. ತಿನ್ನುವಾಗ ನನ್ನ ಮುಖ ನೋಡುತ್ತಿದ್ದಳು. ಆಗ ಅನ್ನಿಸಿತು, ನನ್ನ ಹಠಕ್ಕೆ ಇವಳ ಜೀವ ಯಾಕೆ ಹೋಗಬೇಕು ಅಂತ. ಅದಕ್ಕೆ ಬರೆಯುತ್ತಿದ್ದೇನೆ. ನಿಮಗೆ ಹೆದರಿ ಅಲ್ಲ.

2004ರ ಕಾಗದ ಬರೆಸಿದವನು ನಾನೇ.

ಮನಾಮಾದ ಟೈಪಿಂಗ್ ಅಂಗಡಿಯಲ್ಲಿ ನಾನು ಹಿಂದಿಯಲ್ಲಿ ಹೇಳಿದೆ, ಅವನು ಅರಬ್ಬಿಯಲ್ಲಿ ಟೈಪ್ ಮಾಡಿದ. ಟ್ಯಾಂಕರ್ ಬಾರದ್ದು ನಿಜ. ಚೀಟಿಗೆ ನಿಮ್ಮ ಸಹಿ ಇಲ್ಲದೆ ಟ್ಯಾಂಕರಿನವನು ಬರುತ್ತಿರಲಿಲ್ಲ. ಜುಲೈ ಬಿಸಿಲಿನಲ್ಲಿ ಎದುರಿನ ಪೆಟ್ರೋಲ್ ಬಂಕಿನಿಂದ ಎರಡು ದಿನ ಬಕೆಟಿನಲ್ಲಿ ನೀರು ಹೊತ್ತೆ. ಒಂಟೆಗಳು ತಡೆದುಕೊಂಡವು, ಮೂರು ಜಿಂಕೆ ತಡೆಯಲಿಲ್ಲ. ಅದೂ ನಿಜ. ಟೈಪ್ ಮಾಡುವವನು, "ಮ್ಯಾನೇಜರ್ ಕಹಾಂ ಥಾ, ಕ್ಯಾ ಲಿಖೂಂ?" ಎಂದು ಕೇಳಿದ. ನಿಮ್ಮ ಫೋನು ಬಂದ್ ಆಗಿತ್ತು, ಎಲ್ಲಿದ್ದೀರೆಂದು ನನಗೆ ಗೊತ್ತಿರಲಿಲ್ಲ. "ಪೀಕೆ ಸೋಯಾ ಥಾ", ಕುಡಿದು ಮಲಗಿದ್ದ ಎಂದು ಬರೆಸಿದೆ. ಅದು ಸುಳ್ಳು. ನನ್ನ ಸುಳ್ಳು.

ನಾಲ್ಕು ದಿನದ ಮೇಲೆ ಗೊತ್ತಾಯಿತು, ಮ್ಯಾಗ್ಡಲಿನ್ ಬಾಯಿಯವರಿಗೆ ರಕ್ತ ಹೋಗಿ ಆಸ್ಪತ್ರೆಗೆ ಸೇರಿಸಿದ್ದರು, ನೀವು ಎರಡು ದಿನ ಅವರ ಮಂಚದ ಬಳಿ ಕೂತಿದ್ದಿರಿ ಅಂತ. ಹೇಳಿಬಿಡುವ ಎಂದು ಅರ್ಬಾಬ್‌ನ ಮನೆಯ ಗೇಟಿನವರೆಗೆ ಹೋದೆ. ಗೇಟಿನಲ್ಲಿ ನಿಂತಾಗ ರಿಲೀಸ್ ನೆನಪಾಯಿತು. ಅರಾದ್‌ನ ಕಿಟಕಿ ನೆನಪಾಯಿತು. ಹಾಗೇ ಹಿಂದೆ ಬಂದೆ. ನೀವು ವಿಮಾನ ಹತ್ತಿದ ದಿನ ನಾನು ಒಂಟೆಗಳ ಕೊಟ್ಟಿಗೆ ಗುಡಿಸುತ್ತಿದ್ದೆ. ತಲೆ ಎತ್ತಿ ನೋಡಲಿಲ್ಲ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೂ ನೀವು ಕೊಡುವವರಲ್ಲ. ಶಾಯಿಯಲ್ಲೇ ಸಹಿ ಹಾಕಿದ್ದೇನೆ. ಇದನ್ನು ಇಗರ್ಜಿಯ ಬಾಗಿಲಿಗೆ ಬೇಕಾದರೂ ಅಂಟಿಸಿ. ಗುಲಾಬಿಯ ಕಾಗದ ಮಾತ್ರ ಕಳಿಸಿ. ನೆಲ್ಲಿ ಬಾಯಿ ಇಪ್ಪತ್ತೊಂದಕ್ಕೆ ಹಿಂದೆ ಬರುತ್ತಾರೆ.

ಜಯಪಾಲ

*

ಇಷ್ಟು ಓದಿ ಸುಲೈಮಾನ್ ಬ್ಯಾರಿ ಕನ್ನಡಕ ತೆಗೆದರು. ಎಲ್ಲರ ಚಹಾವೂ ತಣ್ಣಗಾಗಿತ್ತು.

"ಜಯಪಾಲಣ್ಣ, ಇದು ನೀವು ಮಾಡಿದ್ದು ಸರಿ ಇಲ್ಲ," ಎಂದ ಸಿರಾಜ್.

"ಅವರು ಮಾಡಿದ್ದು ಸರಿಯಾ?" ಎಂದರು ನೆಲ್ಲಿ ಬಾಯಿ. "ಚಿಕ್ಕ ಮಗು ಇದ್ದವನಿಗೆ ಒಂಟೆಯ ಕಥೆ ಹೇಳಿ ಕಳಿಸುವುದಾ?"

"ಅಲ್ಲ ಬಾಯಿ, ಕುಡಿದದ್ದು ಅಂತ..."

"ಪಂಚಾಯಿತಿ ಆಮೇಲೆ ಮಾಡಿ," ಎಂದು ಗದರಿಸಿದರು ಸುಲೈಮಾನ್ ಬ್ಯಾರಿ. "ನಾಳೆ ಮಧ್ಯಾಹ್ನ ಲಾರಿ ಉಂಟು. ಇದರೊಳಗೆ ಕಾಗದ ಉಂಟಾ ಇಲ್ಲವಾ, ಅದನ್ನು ಮೊದಲು ನೋಡುವ."

ಚಹಾದ ಚಮಚದ ಹಿಡಿಯಿಂದ ಲಕೋಟೆ ಒಡೆದರು. ನೀಲಿ ಶಾಯಿಯ ಒಂದು ಕಾಗದದ ಜೊತೆಗೆ ಮಡಿಸಿದ ಮೂರು ಹಾಳೆಗಳು ಮೇಜಿನ ಮೇಲೆ ಬಿದ್ದವು. ಜಯಪಾಲ ಹಾಳೆಗಳನ್ನು ಮುಟ್ಟಲಿಲ್ಲ.

*

ಕಿನ್ನಿಗೋಳಿ, 17 ಫೆಬ್ರವರಿ 2025

ಜಯಪಾಲ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನ್ನನ್ನು ಕ್ಷಮಿಸಿಲ್ಲ. ನೀನು ಕೇಳಲಿಲ್ಲ, ಅದು ಒಳ್ಳೆಯದೇ ಆಯಿತು.

ಆಸ್ಪತ್ರೆಯಲ್ಲಿದ್ದೆ ಎಂದು ನಾನು ಎಷ್ಟು ಹೇಳಿದರೂ ಅರ್ಬಾಬ್ ನಂಬಲಿಲ್ಲ. ಕುಡಿದು ಕೆಲಸ ಕಳಕೊಂಡವನು ಎಂಬ ಹೆಸರು ನನಗಿಂತ ಮೊದಲೇ ಊರು ಮುಟ್ಟಿತ್ತು. ಮದುವೆಯಲ್ಲಿ ಟೋಸ್ಟ್‌ಗೆ ಎತ್ತಿದ ಗ್ಲಾಸನ್ನು ತುಟಿಗೆ ಮುಟ್ಟಿಸದೆ ಕೆಳಗಿಡುವವನು ನಾನು. ಇಪ್ಪತ್ತು ವರ್ಷದಿಂದ ನಾನು ಗ್ಲಾಸ್ ಕೆಳಗಿಟ್ಟರೆ, ಈಗ ಬಿಟ್ಟಿರಬೇಕು ಪಾಪ ಎಂದು ಜನ ಪಿಸುಗುಟ್ಟುತ್ತಾರೆ. ಇದು ನೀನು ನನಗೆ ಕೊಟ್ಟದ್ದು. ಇಗರ್ಜಿಯ ಬಾಗಿಲಿಗೆ ಅಂಟಿಸಲು ನೀನು ಹೇಳಬೇಕಾಗಿಲ್ಲ, ಅಂಟಿಸಬೇಕು ಎಂದೇ ಹೊರಟಿದ್ದೆ. ಮ್ಯಾಗ್ಡಲಿನ್ ಅಡ್ಡ ನಿಂತಳು. "ಅದನ್ನು ಅಂಟಿಸುವುದಾದರೆ ನಿಮ್ಮದನ್ನೂ ಪಕ್ಕದಲ್ಲಿ ಬರೆದು ಅಂಟಿಸಿ," ಎಂದಳು. ನನ್ನದು ಏನು ಉಂಟು ಎಂದು ಜೋರು ಮಾಡಿದೆ. ಅವಳು ನನ್ನ ಮುಖ ನೋಡುತ್ತಾ ಕೂತಳು. ಆಮೇಲೆ ಅವಳಿಗೆ ಹೇಳಬೇಕಾಯಿತು. ಈಗ ನಿನಗೂ ಹೇಳುತ್ತೇನೆ.

ಗುಲಾಬಿ ನಿನ್ನ ರಿಲೀಸ್ ತಿಂದದ್ದು ನಿಜ. ಆಫೀಸಿನ ಕಿಟಕಿಯಿಂದ ಕುತ್ತಿಗೆ ಹಾಕಿ ಮೇಜಿನ ಮೇಲಿಂದ ಎತ್ತಿತು. ನಾನು ಹಿಡಿದು ಎಳೆದೆ. ಕೈಯಲ್ಲಿ ಒಂದು ಮೂಲೆ ಮಾತ್ರ ಉಳಿಯಿತು. ಬಾಗಿಲಿಗೆ ಬಂದು ನಿನ್ನನ್ನು ಕರೆಯಬೇಕು ಎಂದುಕೊಂಡೆ, ನಗುವ ಸಂಗತಿಯಲ್ಲವಾ ಅದು. ಬಾಗಿಲಿನಿಂದ ನೋಡಿದರೆ ನೀನು ಆಚೆ ಜಿಂಕೆಗಳಿಗೆ ನೀರು ಹಾಕುತ್ತಿದ್ದಿ. ಕರೆಯಲಿಲ್ಲ.

ಅದು ಕೊನೆಯ ಲೆಟರ್‌ಹೆಡ್ ಆಗಿರಲಿಲ್ಲ. ಸಹಿ ಮಾಡಿದ್ದು ಡ್ರಾಯರಿನಲ್ಲಿ ಇನ್ನೂ ಎರಡು ಇದ್ದವು.

ನಿನಗಿಂತ ಮೊದಲು ಬಂದ ಮೂವರು ಆರಾರು ತಿಂಗಳಿಗೆ ಓಡಿಹೋಗಿದ್ದರು. ನೀನು ಹೋದರೆ ಒಂದು ಬೇಸಿಗೆ ಕಳೆಯುವುದರೊಳಗೆ ತೋಟ ಮುಗಿಯುತ್ತಿತ್ತು, ತೋಟದ ಜೊತೆ ನನ್ನ ಕೆಲಸವೂ. ಇನ್ನೊಂದು ಬರೆಯಲು ಐದು ನಿಮಿಷ ಸಾಕಿತ್ತು. ನಿನಗೆ ಹೆಂಡತಿ ಇದ್ದಾಳೆ, ಮೂರು ವರ್ಷದ ಮಗಳಿದ್ದಾಳೆ ಎಂದು ಗೊತ್ತಿತ್ತು. ಗೊತ್ತಿದ್ದೇ ಡ್ರಾಯರ್ ಮುಚ್ಚಿದೆ. ಒಂಟೆ ಒಂದು ಕಾಗದ ತಿಂದಿತು, ಇನ್ನೊಂದನ್ನು ನಾನು ತಿಂದೆ. ಇನ್ನೊಂದು ವರ್ಷ ಕಳೆದು ನೀನು ನನ್ನ ಕೆಲಸ ತಿಂದಿ. ತಿನ್ನದೆ ಇದ್ದವರು ಆ ತೋಟದಲ್ಲಿ ಯಾರೂ ಇಲ್ಲ.

ಉಳಿದ ಎರಡು ಲೆಟರ್‌ಹೆಡ್ಡುಗಳನ್ನು ಬರುವಾಗ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದೆ. ಒಂದರಲ್ಲಿ ನನಗೆ ನಾನೇ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಬರೆದುಕೊಂಡೆ. ಪ್ರಾಮಾಣಿಕ, ಕಷ್ಟಜೀವಿ ಎಂದು. ಇದುವರೆಗೂ ಯಾರೂ ಅದನ್ನು ಕೇಳಲಿಲ್ಲ. ಇನ್ನೊಂದು ಹಾಗೇ ಇತ್ತು.

ಇದರ ಜೊತೆ ಇಟ್ಟದ್ದು. ಅರ್ಬಾಬ್ ಗುಲಾಬಿಯನ್ನು ಬರೆದುಕೊಟ್ಟ ಪತ್ರ. ಗುಲಾಬಿಗೆ ನನ್ನ ಎನ್‌ಒಸಿ. ಮೂರನೆಯದು ಆ ಉಳಿದ ಲೆಟರ್‌ಹೆಡ್, ಅದರಲ್ಲಿ ನಿನ್ನ ರಿಲೀಸ್ ಟೈಪ್ ಮಾಡಿಸಿದ್ದೇನೆ. 2003ರ ತಾರೀಕೇ ಹಾಕಿದ್ದೇನೆ. ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ನನಗೂ ಗೊತ್ತು. ಬೇಡದಿದ್ದರೆ ಗುಲಾಬಿಗೆ ಹಾಕು, ಅದಕ್ಕೆ ರುಚಿ ಗೊತ್ತಿದೆ.

ಉತ್ತರ ಬರೆಯಬೇಡ.

ಹರ್ಬರ್ಟ್

(ಕೆಳಗೆ ಬೇರೆ ಕೈಬರಹದಲ್ಲಿ) ಜಯಪಾಲ, ಗುಲಾಬಿಯ ಹಗ್ಗ ಹಿಡಿದು ಎಳೆಯಬೇಡಿ, ಹಟ ಮಾಡುತ್ತಾಳೆ. ಎಡಗಿವಿಯ ಹಿಂದೆ ತುರಿಸಿದರೆ ತಾನಾಗಿ ಕೂರುತ್ತಾಳೆ. ಇವರಿಗೆ ಇನ್ನೂ ಊಟ ನಾನು ಬಡಿಸುತ್ತಿಲ್ಲ. ಮ್ಯಾಗ್ಡಲಿನ್.

*

ಓದಿ ಮುಗಿದ ಮೇಲೆ ಜಯಪಾಲ ಮೂರನೇ ಹಾಳೆಯನ್ನು ಬಿಡಿಸಿದ. ಅಂಚು ಹಳದಿಯಾಗಿತ್ತು. ಮೇಲ್ಗಡೆ ಮುದ್ರಿಸಿದ ಸಿಂಹ, ಅಡಿಯಲ್ಲಿ ಸತ್ತುಹೋದ ಅರ್ಬಾಬ್‌ನ ಸಹಿ, ನಡುವೆ ಜಯಪಾಲನ ಹೆಸರು.

"ತಿಂದದ್ದು ನಿಜವಂತೆ," ಎಂದ. ಹಾಳೆಯನ್ನು ಮತ್ತೆ ಮಡಿಸುತ್ತಾ, "ಎರಡು ಇದ್ದವಂತೆ," ಎಂದ.

"ಉತ್ತರ ಬರೀತೀಯಾ?" ಎಂದರು ಸುಲೈಮಾನ್ ಬ್ಯಾರಿ.

"ಬೇಡ ಅಂದಿದ್ದಾರಲ್ಲ."

ಮರುದಿನ ಬೆಳಿಗ್ಗೆ, ಒಂಬತ್ತಕ್ಕೆ ಬಾಗಿಲು ತೆರೆಯುವ ಮಿದ್ಲಾಜ್ ಆರೂವರೆಗೇ ಶಟರ್ ಎತ್ತಿದ. ಒಂಟೆಯ ಹತ್ತಿರ ಹೋಗುವ ಮೊದಲು ಮೂರನ್ನೂ ಲ್ಯಾಮಿನೇಟ್ ಮಾಡಿಬಿಡುವ ಎಂದ. ಸಿರಾಜ್ ತಡೆದ. ಎನ್‌ಒಸಿಯ ಮೇಲೆ ಬುದೈಯಾದವರು ಠಸ್ಸೆ ಹೊಡೆಯಬೇಕು, ಪ್ಲಾಸ್ಟಿಕ್ಕಿನ ಮೇಲೆ ಹೊಡೆಯುವುದು ಹೇಗೆ? ಗುಲಾಬಿಯ ಎರಡೂ ಕಾಗದಗಳನ್ನು ಪಿಕಪ್ಪಿನ ಡ್ಯಾಶ್‌ಬೋರ್ಡಿನೊಳಗೆ ಇಟ್ಟು ಬೀಗ ಹಾಕಿದರು. ರಿಲೀಸ್ ಪತ್ರವೊಂದನ್ನು ಲ್ಯಾಮಿನೇಟ್ ಮಾಡಿದರು. ಸುಲೈಮಾನ್ ಬ್ಯಾರಿ ಶನಿವಾರವೆಂದೂ ನೋಡದೆ ಅಂಗಡಿ ಮುಚ್ಚಿ, ನೆನೆಸಿದ ಖುಬ್ಬೂಸಿನ ಡಬ್ಬ ಹಿಡಿದು ಮುಂದೆ ಕೂತರು. ಮಧ್ಯಾಹ್ನ ಡ್ಯೂಟಿ ಇದ್ದರೂ ನೆಲ್ಲಿ ಬಾಯಿ ಯೂನಿಫಾರ್ಮಿನಲ್ಲೇ ಹೊರಟರು.

ಹಿರಿಯ ಮಗ ತಂದೆಯ ಪತ್ರವನ್ನು ಎರಡು ಸಲ ಓದಿದ. ಸಹಿಯ ಮೇಲೆ ಹೆಬ್ಬೆರಳು ಆಡಿಸಿದ. "ಖಲಾಸ್, ಲೇ ಜಾವ್," ಎಂದು ಕಾಗದ ಹಿಂದೆ ಕೊಟ್ಟ. ಗುಲಾಬಿ ಹಗ್ಗಕ್ಕೆ ಬಗ್ಗಲಿಲ್ಲ. ಜಯಪಾಲ ಎಡಗಿವಿಯ ಹಿಂದೆ ತುರಿಸುತ್ತಾ ದಿಣ್ಣೆಯ ಮೇಲಿಂದ ಪಿಕಪ್ಪಿಗೆ ನಡೆಸಿದ, ಮಿಕ್ಕವರು ಹಿಂದಿನಿಂದ ನೂಕಿದರು. ಹತ್ತಿದವಳು ನಿಟ್ಟುಸಿರು ಬಿಟ್ಟು ಮಂಡಿಯೂರಿ ಕೂತಳು. ಸಿಂಹದ ಬೋರ್ಡು ದಾಟುವಾಗ ಕಟುಕನ ಲಾರಿ ಎದುರಿಗೆ ಬಂತು. ಸಿರಾಜ್ ಸಲಾಂ ಹೇಳುವವನ ಹಾಗೆ ಒಮ್ಮೆ ಹಾರ್ನ್ ಹೊಡೆದ.

ಬುದೈಯಾದಲ್ಲಿ ಸುಡಾನಿಯವನು ಎನ್‌ಒಸಿಗೆ ಠಸ್ಸೆ ಹೊಡೆಯುತ್ತಿದ್ದಾಗ ಗುಲಾಬಿ ಕುತ್ತಿಗೆ ಚಾಚಿ, ಜಯಪಾಲನ ಅಂಗಿಯ ಜೇಬಿನಿಂದ ರಿಲೀಸ್ ಪತ್ರವನ್ನು ಎಳೆದುಕೊಂಡಳು. ಎಲ್ಲರೂ ನೋಡುತ್ತಾ ನಿಂತರು. ಅವಳು ಹಲ್ಲಿಲ್ಲದ ದವಡೆಯಲ್ಲಿ ಅದನ್ನು ಅತ್ತಿತ್ತ ಹೊರಳಿಸಿದಳು. ಪ್ಲಾಸ್ಟಿಕ್ ಬಗ್ಗಲಿಲ್ಲ. ಕೊನೆಗೆ ಜೊಲ್ಲಿನ ಸಮೇತ ಮರಳಿನ ಮೇಲೆ ಬಿಟ್ಟಳು. ಜಯಪಾಲ ಬಗ್ಗಿ ಎತ್ತಿಕೊಂಡು, ಎರಡೂ ಬದಿಯನ್ನು ಅಂಗಿಗೆ ಒರೆಸಿ, ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

ಸಿರಾಜ್‌ಗೆ ನಗು ಬಂತು. ಸುಲೈಮಾನ್ ಬ್ಯಾರಿ ಅವನ ಕಾಲು ತುಳಿದು, ಖುಬ್ಬೂಸಿನ ಡಬ್ಬದ ಮುಚ್ಚಳ ತೆಗೆದರು.